ಕಡಲಿಗೆ ಹರಿದ ನೀರು ದಂಡವೇ?

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ನೀರು ಇಳಿಯುತ್ತಿದ್ದಂತೆ ಮರಳ ದಿಬ್ಬಗಳು ತಲೆ ಎತ್ತುತ್ತವೆ. ಸುತ್ತಲಿನ ಊರುಗಳ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಬರುತ್ತಾರೆ. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತು, ಕೆಸರಿನೊಳಗೆ ಬೆರಳಾಡಿಸಿ ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ. ಇದಕ್ಕೆ ಬಂಡವಾಳ ಬೇಡ, ಯಾರಲ್ಲೂ ಕೆಲಸ ಕೇಳಬೇಕಿಲ್ಲ. ಮನೆಯ ಸಾರಿಗೆ ಆಗಿ ಮಿಕ್ಕಿದ್ದು ಮಾರಾಟಕ್ಕೆ ಹೋಗುತ್ತದೆ. ಚಿಪ್ಪೂ ದಂಡವಲ್ಲ, ಸುಟ್ಟರೆ ಸುಣ್ಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಈ ಬಳಚಿನ ಲೆಕ್ಕ ಹಾಕಿದ್ದರು. ವರ್ಷಕ್ಕೆ ಸುಮಾರು 22,000 ಟನ್, ಅಂದಿನ ಬೆಲೆಯಲ್ಲಿ 5.78 ಕೋಟಿ ರೂಪಾಯಿ, ಅದನ್ನೇ ನೆಚ್ಚಿದವರು 2,300ಕ್ಕೂ ಹೆಚ್ಚು ಮಂದಿ. ಯಾರೂ ಬಿತ್ತದ, ಯಾರೂ ಗೊಬ್ಬರ ಹಾಕದ ಬೆಳೆಯಿದು.

ಬೆಳೆಸುವುದು ನದಿ. ಮಳೆಗಾಲದಲ್ಲಿ ಘಟ್ಟದಿಂದ ಧುಮುಕುವ ನೀರು ಅಳಿವೆಯನ್ನು ಬಹುಮಟ್ಟಿಗೆ ಸಿಹಿಯಾಗಿಸುತ್ತದೆ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಕಡಲಿನ ಉಪ್ಪು ಒಳಕ್ಕೆ ಏರುತ್ತದೆ. ಈ ಏರಿಳಿತಕ್ಕೆ ಒಗ್ಗಿಕೊಂಡೇ ಬಳಚು, ಸಿಗಡಿ, ಮೀನು, ದಂಡೆಯ ಕಾಂಡ್ಲಾ ಗಿಡಗಳು ಬದುಕಿವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದ್ದರಿಂದ ಈ ಲಯ ಉಳಿದಿದೆ. ಪಕ್ಕದ ಹೊನ್ನಾವರದಲ್ಲಿ ಹಾಗಾಗಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ವಿದ್ಯುತ್ ಉತ್ಪಾದಿಸಿದ ನೀರು ವರ್ಷವಿಡೀ ಶರಾವತಿಗೆ ಬೀಳುತ್ತಿದ್ದು, ಅಲ್ಲಿನ ಅಳಿವೆಯಲ್ಲಿ ಉಪ್ಪು ಕುಗ್ಗಿತು, ಬಳಚೂ ಬಹುಪಾಲು ಇಲ್ಲವಾಯಿತು. ನಾವು ಕಟ್ಟುವ ಕರೆಂಟ್ ಬಿಲ್ಲಿನಲ್ಲಿ ಆ ನಷ್ಟ ಎಲ್ಲೂ ನಮೂದಾಗಿಲ್ಲ.

ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಇದೇ ಹಿನ್ನೀರಿನ ಗಜನಿ ಗದ್ದೆಗಳದ್ದು. ಆಳೆತ್ತರಕ್ಕೆ ಬೆಳೆದು, ದಿನಗಟ್ಟಲೆ ನೀರಿನಲ್ಲಿ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ತೆನೆ ಕೊಯ್ದ ಮೇಲೆ ನೀರಿನಲ್ಲೇ ಕೊಳೆಯುವ ಕೂಳೆ ಸಿಗಡಿ, ಮೀನಿಗೆ ಆಹಾರ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ. ಸಮುದ್ರ ಮೇಲೇರುತ್ತಿರುವ ಈ ಕಾಲದಲ್ಲಿ ಇಂಥ ತಳಿಗೆ ಮಾರುಕಟ್ಟೆಯ ಭತ್ತದ ದರವನ್ನೇ ಕಟ್ಟುವುದು ನನಗೆ ತೀರಾ ಅನ್ಯಾಯವಾಗಿ ಕಾಣುತ್ತದೆ. ಕಗ್ಗ ಬಿತ್ತುವವರು ಕಡಿಮೆಯಾಗುತ್ತ ಬಂದಿದ್ದಾರೆ. ಉಪ್ಪುನೀರು ತಡೆಯುವ ಗಜನಿಯ ಕಟ್ಟೆ ಒಬ್ಬರಿಂದ ಕಾಯಲಾಗುವಂಥದ್ದಲ್ಲ, ಊರೆಲ್ಲ ಕೂಡಿ ಮಣ್ಣು ಹಾಕಬೇಕು.

ಇನ್ನು ಚೆಲುವಿನ ಮಾತು. ಅದು ಹೊಟ್ಟೆ ತುಂಬಿದವರ ಹವ್ಯಾಸ ಎನ್ನುವವರಿದ್ದಾರೆ, ನಾನು ಒಪ್ಪಲಾರೆ. ಬುಟ್ಟಿಯಿಂದ ಒಂದು ಹಿಡಿ ಬಳಚು ಎತ್ತಿ ನೋಡಿ. ಒಂದರ ಮೈ ನುಣುಪು, ಇನ್ನೊಂದರ ಮೇಲೆ ಸಾಲು ಸಾಲು ಗೀರು, ಮತ್ತೊಂದರಲ್ಲಿ ಹಳದಿಯ ಮೇಲೆ ಕಂದು ಗೆರೆ. ಒಂದರಂತೆ ಒಂದಿಲ್ಲ. ಆಯುವ ಕೈಗೆ ಈ ವ್ಯತ್ಯಾಸ ಕತ್ತಲಲ್ಲೂ ಗೊತ್ತು. ಯಾವುದು ಎಳೆಯದು, ಯಾವುದನ್ನು ಬಿಡಬೇಕು ಎಂಬುದೂ ಗೊತ್ತು. ಚಳಿಗಾಲದಲ್ಲಿ ದೂರದ ಹಕ್ಕಿಗಳು ಬಂದಿಳಿಯುವುದೂ ಇದೇ ಕೆಸರಿಗೆ, ಇದೇ ಮೇವಿಗಾಗಿ. ಇಲ್ಲಿನ ಅಂದವೂ ಆದಾಯವೂ ಒಂದೇ ಬೇರಿನವು.

2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಸಂತೋಷದ ಸಂಗತಿ. ಆದರೆ ಅಳಿವೆಯ ಜೀವ ಇರುವುದು ಗಡಿ ಗುರುತಿನ ಕಲ್ಲಿನಲ್ಲಲ್ಲ, ಮೇಲೆ ಶಿರಸಿ, ಸಿದ್ದಾಪುರದ ಕಾಡಿನಿಂದ ಇಳಿದು ಬರುವ ನೀರಿನಲ್ಲಿ. ಆ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾಪ ಮುಂದಿದೆ. ಬಯಲುಸೀಮೆಯ ದಾಹ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಹಾಗೆಂದು ನದಿಯ ನೀರು ಸುಮ್ಮನೆ ಕಡಲು ಸೇರಿ ದಂಡವಾಗುತ್ತಿದೆ ಎಂಬ ವಾದವನ್ನು ಒಪ್ಪಲಾಗದು. ನದಿ ತಿರುಗಿಸುವ ಮುನ್ನ ಯೋಜನಾ ವರದಿಯ ಖರ್ಚಿನ ಪುಟದಲ್ಲಿ ಬಳಚಿಗೊಂದು ಸಾಲು, ಕಗ್ಗಕ್ಕೊಂದು ಸಾಲು, ಇಳಿತದ ಹೊತ್ತು ನೋಡಿ ಮನೆಯಿಂದ ಹೊರಡುವವರ ದಿನಗೂಲಿಗೊಂದು ಸಾಲು ಸೇರಿಸಿ, ಅದನ್ನು ಆ ಊರುಗಳ ಗ್ರಾಮಸಭೆಯಲ್ಲಿ ಓದಿ ಹೇಳಲಿ.