ಬೇರೆಯವನ ಹೆಸರು

ಪಾಂಡವಪುರದಿಂದ ಚಿನಕುರಳಿ ಮೇಲೆ ಕೆ.ಆರ್. ಪೇಟೆಗೆ ಹೋಗುವ ರಸ್ತೆ. ನಾನಾಗ ಡಿಗ್ರಿ ಎರಡನೇ ವರ್ಷ. ಚಿಕ್ಕಪ್ಪನ ಗಾಡಿ, ಹೆಲ್ಮೆಟ್ಟೂ ಇಲ್ಲ, ಲೈಸೆನ್ಸೂ ಇಲ್ಲ. ತಿರುವಿನಲ್ಲಿ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು.

"ಹೆಸರೇನೋ?"

ಹೇಳಿದೆ. ಅದು ನನ್ನದಲ್ಲ. ಅಪ್ಪನ ಹೆಸರು ಕೇಳಿದರು. ಅದನ್ನೂ ಹೇಳಿದೆ, ನನ್ನಪ್ಪನದಲ್ಲ. ಸುಳ್ಳು ಹೆಸರಿಗೂ ಒಬ್ಬ ಅಪ್ಪ, ಒಂದು ಊರು ಬೇಕಾಗುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಅವರು ಪುಸ್ತಕದಲ್ಲಿ ಬರೆದುಕೊಂಡು, "ಇನ್ನೊಂದ್ಸಲ ಸಿಕ್ಕಿದ್ರೆ ಸೀದಾ ಮನೆಗೇ ಬರ್ತೀನಿ" ಅಂದು ಕಳಿಸಿದರು.

ಯಾರ ಮನೆಗೆ? ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗನ ಮನೆಗೆ. ಅವನಪ್ಪ ನಮ್ಮ ಗದ್ದೆಗೆ ಕೂಲಿಗೆ ಬರುತ್ತಿದ್ದರು.

ಕಾನೂನು ಇದನ್ನು ಚಿಕ್ಕ ತಪ್ಪೆಂದೇ ಎಣಿಸುತ್ತದೆ. ಮೋಟಾರು ವಾಹನ ಕಾಯ್ದೆಯ 179ನೇ ಸೆಕ್ಷನ್ ಪ್ರಕಾರ, ಕೊಡಲೇಬೇಕಾದ ಮಾಹಿತಿಯನ್ನು ಗೊತ್ತಿದ್ದೂ ಸುಳ್ಳಾಗಿ ಕೊಟ್ಟರೆ ಒಂದು ತಿಂಗಳವರೆಗೆ ಸೆರೆ ಅಥವಾ ದಂಡ, ಇಲ್ಲವೇ ಎರಡೂ. ದಂಡದ ಮಿತಿ ಮೊದಲು 500 ರೂಪಾಯಿ ಇತ್ತು, 2019ರ ತಿದ್ದುಪಡಿಯಲ್ಲಿ 2,000 ಆಯಿತು. ಕೊಲೆಗಾರನಿಗೂ ಸುಳ್ಳು ಹೇಳಬಾರದು ಎಂದು ಕಾಂಟ್ 1797ರಲ್ಲಿ ವಾದಿಸಿದ್ದ. ಅಷ್ಟು ದೂರ ಹೋಗಬೇಕಿಲ್ಲ. ನನ್ನ ಸುಳ್ಳು ಯಾರ ಜೀವವನ್ನೂ ಉಳಿಸಲಿಲ್ಲ, ಹೆಲ್ಮೆಟ್ಟಿನ ದಂಡವೊಂದನ್ನು ಉಳಿಸಿತು.

ಆಗ ನನಗೆ ನಾನೇ ಹೇಳಿಕೊಂಡ ಸಮಾಧಾನ ಬೇರೆ. ಈ ಸೀಮೆಯಲ್ಲಿ ಊರುಗಳೇ ಹೆಸರು ಬದಲಿಸಿಕೊಂಡಿವೆ. ಹಿರೋಡೆ ಫ್ರೆಂಚ್ ರಾಕ್ಸ್ ಆಗಿ ಪಾಂಡವಪುರವಾಯಿತು, ಅತ್ತಿಕುಪ್ಪೆ ಕೃಷ್ಣರಾಜಪೇಟೆಯಾಯಿತು. ಕುಂತಿಬೆಟ್ಟದಲ್ಲಿ ತಂಗಿದ್ದರೆಂದು ಜನ ಹೇಳುವ ಪಾಂಡವರೂ ಒಂದು ವರ್ಷ ಸುಳ್ಳು ಹೆಸರಲ್ಲೇ ಬದುಕಿದವರು. ಧರ್ಮರಾಯನೇ ಕಂಕ ಎಂದು ಹೇಳಿಕೊಂಡ ಮೇಲೆ ನನ್ನದೇನು?

ಆಮೇಲೆ ವಿರಾಟಪರ್ವದ ಕಥೆಯನ್ನು ಸರಿಯಾಗಿ ಓದಿದೆ. ಸಿಟ್ಟಿಗೆದ್ದ ವಿರಾಟ ದಾಳದಿಂದ ಕಂಕನ ಮುಖಕ್ಕೆ ಹೊಡೆಯುತ್ತಾನೆ. ಹೆಸರು ಕಂಕನದು, ಸುರಿದ ರಕ್ತ ಧರ್ಮರಾಯನದೇ. ಭೀಮ ವಲಲನಾಗಿ ಸೌದೆ ಒಲೆಯ ಮುಂದೆ ಬೆಂದದ್ದೂ ತನ್ನ ಮೈಯಲ್ಲೇ. ಅವರು ಹೊಸ ಹೆಸರಿನ ಕಷ್ಟವನ್ನೆಲ್ಲ ತಾವೇ ಉಂಡರು. ನಾನು ಇಟ್ಟುಕೊಂಡ ಹೆಸರಿಗೆ ಪೆಟ್ಟು ಬಿದ್ದಿದ್ದರೆ ಮುಖ ಬೇರೆಯವನದಾಗಿರುತ್ತಿತ್ತು.

ಇನ್ನೂ ಚುಚ್ಚುವುದು ಅದಲ್ಲ. ಆ ಒಂದು ಗಳಿಗೆಯಲ್ಲಿ ಊರ ಪಟೇಲರ ಮಗನ ಹೆಸರು ಹೇಳಬಹುದಿತ್ತು, ಪೊಲೀಸರು ದನಿಯನ್ನಾದರೂ ತಗ್ಗಿಸುತ್ತಿದ್ದರೇನೋ. ಹೇಳಲು ಧೈರ್ಯವಾಗಲಿಲ್ಲ. ನಾಳೆ ಬಂದು ಕೇಳುವವರು ಆ ಮನೆಯಲ್ಲಿದ್ದರು. ನಾಲಿಗೆ ತಡವರಿಸದೆ, ಹುಡುಕದೆ, ನಾಲೆಯ ನೀರಿನ ಹಾಗೆ ತಗ್ಗಿಗೇ ಹರಿಯಿತು. ಗಾಬರಿಯಲ್ಲಿ ಹೇಳಿದೆ ಅಂದರೆ ಅದು ಅರ್ಧ ನಿಜ. ಗಾಬರಿಯಲ್ಲೂ ಯಾರು ತಿರುಗಿ ಕೇಳಲಾರರು ಎಂಬ ಲೆಕ್ಕ ನನ್ನೊಳಗೆ ತಪ್ಪಿರಲಿಲ್ಲ. ಆ ಲೆಕ್ಕವನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ.

ಅವನಿಗೆ ಏನೂ ಆಗಲಿಲ್ಲ. ಯಾರೂ ಅವನ ಮನೆಗೆ ಹೋಗಲಿಲ್ಲ.

ಹೋದ ವರ್ಷ ನಾಗಮಂಗಲದಲ್ಲಿ ಬಸ್ಸು ತಪ್ಪಿ ನಿಂತಿದ್ದಾಗ ಅವನೇ ಸಿಕ್ಕಿದ. ಈಗ ಗೂಡ್ಸ್ ಗಾಡಿ ಓಡಿಸುತ್ತಾನೆ. "ಹತ್ತು, ಶ್ರೀರಂಗಪಟ್ಟಣದವರೆಗೂ ಬಿಡ್ತೀನಿ" ಅಂದ. ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಅಷ್ಟರಲ್ಲಿ ದಾರಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿದರು. ಲೈಸೆನ್ಸ್ ಚಾಚಿ, ಕೇಳುವ ಮೊದಲೇ ತನ್ನ ಹೆಸರು, ಅಪ್ಪನ ಹೆಸರು, ಊರು ಎಲ್ಲವನ್ನೂ ಸ್ಪಷ್ಟವಾಗಿ ಹೇಳಿದ. ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ.