ಏರಿಯ ಮೇಲಿನಿಂದ ಬರುವ ಮಾತು

ಹಿರೇಕೆರೂರೆಂಬ ಹೆಸರನ್ನು ಬಿಡಿಸಿ ನೋಡಲಾಗಿ ಹಿರಿದಾದ ಕೆರೆಯೊಂದು ಅದರ ನಟ್ಟನಡುವೆಯೇ ತುಂಬಿ ನಿಂತಿರುವುದು ಕಾಣುತ್ತದೆ. ಈ ಸೀಮೆಯ ಊರುಗಳನ್ನು ಗುಡಿಗೋಪುರಗಳಿಂದ ಗುರುತಿಸುವವರು ಗುರುತಿಸಲಿ. ನನಗಾದರೋ ಅವು ಕೆರೆಗಳಿಂದಲೇ ನೆನಪಿಗೆ ಬರುತ್ತವೆ. ಹಾನಗಲ್ಲಿಗೆ ಆನೆಕೆರೆ, ಹಿರೇಕೆರೂರಿಗೆ ದುರ್ಗಾದೇವಿಯ ಕೆರೆ, ಸವಣೂರಿಗೆ ಮೋತಿ ತಲಾಬು, ಮಾಸೂರಿನ ಸಮೀಪದಲ್ಲಿ ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ಕಟ್ಟಿದ, ಕೆಂಚಮ್ಮನ ಕಥೆಯೊಡನೆ ಹೆಣೆದುಕೊಂಡು ಹಾಡುಗಬ್ಬದಲ್ಲಿ ಉಳಿದಿರುವ ಮದಗದ ಕೆರೆ, ಇವಲ್ಲದೆ ಹೆಸರು ಕೇಳಿದರೆ ಆ ಊರಿನವರು ಮಾತ್ರವೇ ತಲೆದೂಗುವಂತಹ ನೂರಾರು ಸಣ್ಣ ಕೆರೆಕಟ್ಟೆಗಳು. ಹಾನಗಲ್ಲ ತಾಲೂಕಿನಲ್ಲಿ ಧರ್ಮೆಯೆಂಬ ಹೆಸರಿನ ಹೊಳೆಯೇ ಹರಿದು ತನ್ನ ನೀರನ್ನು ವರದೆಗೆ ಒಪ್ಪಿಸುತ್ತದೆ. ವರದೆಯು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಧರ್ಮದ ಹೆಸರನ್ನು ಹೊತ್ತ ನೀರಿನಲ್ಲಿಯೂ ಮೀನಿದೆ, ಮೀನಿದ್ದಲ್ಲಿ ಬಲೆಯಿದೆ, ಬಲೆಯಿದ್ದಲ್ಲಿ ಎಷ್ಟು ಎಂಬ ಪ್ರಶ್ನೆಯಿದೆ. ಈ ಲೇಖನವು ಆ ಎಷ್ಟು ಎಂಬುದನ್ನು ಕುರಿತದ್ದು.

ಮೀನು ತಿನ್ನದ ಮನೆಯಲ್ಲಿ ಹುಟ್ಟಿದ ನಾನು ಈ ವಿಷಯವನ್ನು ಎತ್ತಿಕೊಂಡದ್ದು ಅಧಿಕಪ್ರಸಂಗವೆನಿಸಬಹುದು. ಆದರೆ ತಿನ್ನದವನಿಗೆ ಮಿತಿಯ ಪ್ರಶ್ನೆಯು ಬಲು ಸುಲಭವಾಗಿ ಬಗೆಹರಿದುಬಿಡುತ್ತದೆಂಬುದೇ ನನ್ನನ್ನು ಬಹುಕಾಲ ಕಾಡಿದ ಸಂಗತಿ. ಅಹಿಂಸೆಯ ವ್ರತಿಗೆ ಸೊನ್ನೆಯೊಂದೇ ಅಂಕೆ. ಸೊನ್ನೆಯನ್ನು ಪಾಲಿಸುವುದು ಕಠಿನವಿರಬಹುದು, ಎಣಿಸುವುದು ಕಠಿನವಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂದು ಭಕ್ತರು ಮಂಡಕ್ಕಿಯನ್ನೆಸೆದು ಕೈಮುಗಿಯುವ ಮೀನುಗಳ ವಿಚಾರದಲ್ಲಿಯೂ ಇದೇ ನ್ಯಾಯ: ಅಲ್ಲಿ ಯಾರೂ ಎಣಿಸಬೇಕಾಗಿಲ್ಲ. ನಿಜವಾದ ಧರ್ಮಸಂಕಟವಿರುವುದು ಹಿಡಿಯಲೇಬೇಕಾದವನಿಗೆ, ಹಿಡಿದದ್ದರಿಂದಲೇ ಮಕ್ಕಳ ತಟ್ಟೆ ತುಂಬಬೇಕಾದವನಿಗೆ. ಮಹಾಭಾರತದ ಕವಿಯು ಇದನ್ನು ಬಲ್ಲವನಾದುದರಿಂದಲೇ ತಪಸ್ಸಿನ ಗರ್ವ ಹೊತ್ತ ಕೌಶಿಕ ಬ್ರಾಹ್ಮಣನನ್ನು ಮಿಥಿಲೆಯ ಮಾಂಸದಂಗಡಿಯ ಮುಂದೆ ನಿಲ್ಲಿಸಿ, ಧರ್ಮವ್ಯಾಧನ ಬಾಯಿಂದ ಧರ್ಮಸೂಕ್ಷ್ಮವನ್ನು ಹೇಳಿಸಿದನು. ನಮ್ಮ ನಾಡಿನಲ್ಲಿ ತುಂಗಭದ್ರೆಯ ದಡದ ಅಂಬಿಗನೊಬ್ಬನು ವಚನಕಾರನಾಗಿ, ಇಂದಿಗೂ ಚೌಡಯ್ಯದಾನಪುರವೆಂಬ ಊರಿನ ಹೆಸರಿನಲ್ಲಿ ಉಳಿದಿದ್ದಾನೆ. ನೀರನ್ನು ನಂಬಿ ಬದುಕಿದವರಿಗೆ ಅನುಭಾವ ದೂರದ ಮಾತಾಗಿರಲಿಲ್ಲ.

ಒಂದು ಬೇಸಗೆಯ ಮುಂಜಾನೆ ಆನೆಕೆರೆಯ ಏರಿಯ ಮೇಲೆ ನಿಂತು ಬಲೆಯೆಳೆಯುವುದನ್ನು ನೋಡುತ್ತಿದ್ದಾಗ ಮುದುಕನೊಬ್ಬನು ನನಗೆ ಕೆರೆಯೆಂಬುದು ಮೂರಂತಸ್ತಿನ ಮನೆಯೆಂದು ತಿಳಿಯಹೇಳಿದನು. ಮಳೆಗಾಲದಲ್ಲಿ ಬಿಡುವ ಮರಿಗಳಲ್ಲಿ ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ. ಇವಲ್ಲದೆ ಯಾರೂ ಬಿಡದ, ಯಾರೂ ಸಾಕದ ಕೊರವ ಮೊದಲಾದವು ಹುಲ್ಲಿನ ಸಂದಿಯಲ್ಲಿಯೂ ಕೆಸರಿನಲ್ಲಿಯೂ ತಮ್ಮ ಪಾಡಿಗೆ ತಾವಿರುತ್ತವೆ. ಮೇಲಿನದು ಕಣ್ಣಿಗೆ ಕಾಣುತ್ತದೆ, ತಳದ್ದು ಕಾಣುವುದಿಲ್ಲ. "ಕಾಣಲಾರದ್ದನ್ನ ಎಣಿಸೂದು ಹ್ಯಾಂಗ್ರಿ?" ಎಂದು ಅವನು ಕೇಳಿದನು. ಉಪನಿಷತ್ತಿನ ಶಿಷ್ಯನು ಗುರುವನ್ನು ಕೇಳಬಹುದಾದ ಪ್ರಶ್ನೆಯಿದು; ಬಲೆಯ ಹಗ್ಗ ಹಿಡಿದವನ ಬಾಯಿಂದ ಬಂದುದರಿಂದ ಅದರ ತೂಕ ಕಡಿಮೆಯಾಗಲಿಲ್ಲ.

ತಳಮೀನಿನ ಈ ಪ್ರಶ್ನೆಯು ಪ್ರಪಂಚದ ಬೇರೆ ಕಡೆಗಳಲ್ಲಿ ಎಷ್ಟು ದೊಡ್ಡದಾಗಿ ಬೆಳೆಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಯುಕ್ತ. ಅಟ್ಲಾಂಟಿಕ್ ಸಮುದ್ರದಲ್ಲಿ ಕೆನಡಾಕ್ಕೆ ಸೇರಿದ ನ್ಯೂಫೌಂಡ್ಲೆಂಡ್ ದ್ವೀಪದ ಸುತ್ತ ಕಾಡ್ ಎಂಬ ತಳಮೀನು ಶತಮಾನಗಳಿಂದ ಜನರನ್ನು ಸಾಕಿತ್ತು. 1968ರಲ್ಲಿ ಅದರ ಒಂದೇ ತಳಿಯಿಂದ ಎಂಟು ಲಕ್ಷ ಟನ್ನಿಗೂ ಮಿಕ್ಕಿ ಹಿಡಿಯಲಾಯಿತು. ಅನಂತರ ಅಧಿಕಾರಿಗಳು ವರ್ಷವರ್ಷವೂ ಇಷ್ಟೇ ಎಂದು ಮಿತಿಯನ್ನು ಬರೆದಿಟ್ಟರು. ಆದರೆ ಸಮುದ್ರದಲ್ಲಿ ಉಳಿದಿರುವುದೆಷ್ಟೆಂಬ ಅವರ ಎಣಿಕೆಯೇ ವಾಸ್ತವಕ್ಕಿಂತ ಹಿಗ್ಗಿತ್ತು. ಇದರಲ್ಲಿ ಒಂದು ವಿಪರ್ಯಾಸವಿದೆ. ಮೀನು ಕಡಿಮೆಯಾದಂತೆಲ್ಲ ಉಳಿದವು ಒತ್ತೊತ್ತಾಗಿ ಗುಂಪುಗೂಡುತ್ತಿದ್ದುವು. ದೊಡ್ಡ ಹಡಗುಗಳು ಆ ಗುಂಪುಗಳನ್ನೇ ಹುಡುಕಿ ಹಿಡಿಯುತ್ತಿದ್ದುದರಿಂದ ಬಲೆಯು ಕೊನೆಯವರೆಗೂ ತುಂಬಿಯೇ ಮೇಲೆ ಬರುತ್ತಿತ್ತು. ತುಂಬಿದ ಬಲೆಯೇ ಸಮೃದ್ಧಿಗೆ ಸಾಕ್ಷಿಯೆಂದು ನಂಬಿದವರಿಗೆ ಬರಿದಾಗುತ್ತಿರುವ ಸಮುದ್ರವು ಎಂತು ಕಂಡೀತು? 1992ರ ಜುಲೈ 2ರಂದು ಸರಕಾರವು ಆ ಮೀನುಗಾರಿಕೆಯನ್ನು ನಿಲ್ಲಿಸಿತು. ಸುಮಾರು ಮೂವತ್ತು ಸಾವಿರ ಜನರು ಕೆಲಸ ಕಳೆದುಕೊಂಡರು. ಎರಡು ವರ್ಷಗಳ ಮಟ್ಟಿಗೆಂದು ಹೇಳಿದ ನಿಷೇಧವು ಮೂರು ದಶಕಗಳಿಗೂ ಮೀರಿ ಉಳಿಯಿತು.

ಇದಕ್ಕೆ ಎದುರಾಗಿ ಅಲಾಸ್ಕದ ಬೇರಿಂಗ್ ಸಮುದ್ರದಲ್ಲಿ ಮತ್ತೊಂದು ಕ್ರಮ ನಡೆದುಬಂದಿದೆ. ಅಲ್ಲಿ ಎಲ್ಲ ತಳಮೀನುಗಳೂ ಸೇರಿ ವರ್ಷಕ್ಕೆ ಇಪ್ಪತ್ತು ಲಕ್ಷ ಟನ್ನನ್ನು ಮೀರಕೂಡದೆಂಬ ಮೇಲ್ಮಿತಿಯಿದೆ; ಅದರೊಳಗೆ ಒಂದೊಂದು ಜಾತಿಗೂ ಒಂದೊಂದು ಪಾಲು; ಹಡಗುಗಳಲ್ಲಿಯೇ ವೀಕ್ಷಕರು ಕುಳಿತು ಹಿಡಿದದ್ದನ್ನು ಲೆಕ್ಕಕ್ಕೆ ಹಾಕುತ್ತಾರೆ; ಹಂಗಾಮಿನ ನಡುವೆ ಯಾವುದಾದರೊಂದು ಜಾತಿಯ ಲೆಕ್ಕವು ಮಿತಿಯನ್ನು ಸಮೀಪಿಸಿದರೆ, ಮೀನು ಇನ್ನೂ ಧಾರಾಳವಾಗಿ ಓಡಾಡುತ್ತಿರುವಾಗಲೇ, ಅದರ ಬೇಟೆ ಮುಗಿಯಿತೆಂಬ ಆಜ್ಞೆ ಹೊರಡುತ್ತದೆ. ಇದನ್ನು ಓದಿದಾಗ ನನಗೆ ಮೊದಲು ತೋರಿದುದು ಇದು ಗುಮಾಸ್ತರ ಧರ್ಮವೆಂದು. ಹೊಟ್ಟೆ ತುಂಬಿದವನು ತಾನಾಗಿ ಕೈ ತೊಳೆಯುವುದಕ್ಕೂ ತಟ್ಟೆಯನ್ನು ಪರರು ಎತ್ತಿಕೊಂಡು ಹೋಗುವುದಕ್ಕೂ ಅಂತರವಿಲ್ಲವೇ? ಆ ನನ್ನ ಅಭಿಪ್ರಾಯವು ಈಗ ಹಾಗೆಯೇ ಉಳಿದಿಲ್ಲ. ಏಕೆಂಬುದನ್ನು ಮುಂದೆ ಹೇಳುವೆನು.

ನಮ್ಮ ಹಿರಿಯರು ಪ್ರಕೃತಿಯೊಡನೆ ಮಿತಿಯರಿತು ಬಾಳಿದರೆಂಬ ಮಾತನ್ನು ನಾವು ಭಾಷಣಗಳಲ್ಲಿ ಬಹು ಉದಾರವಾಗಿ ಹಂಚುತ್ತೇವೆ. ಕರಾವಳಿಯ ಮೊಗವೀರರು ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು, ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರರಾಜನಿಗೆ ತೆಂಗಿನಕಾಯಿ ಒಪ್ಪಿಸಿ ಮತ್ತೆ ಕಡಲಿಗಿಳಿಯುತ್ತಿದ್ದರು. ಮೀನು ಮೊಟ್ಟೆಯಿಡುವ ಕಾಲವು ಇಂತು ಕಾಪಾಡಲ್ಪಡುತ್ತಿತ್ತು. ಸುಂದರವಾದ ಆಚಾರ, ಸಂದೇಹವಿಲ್ಲ. ಆದರೆ ಆಷಾಢದ ಕಡಲಿಗೆ ಆ ಮರದ ದೋಣಿಗಳು ಇಳಿಯುವುದು ಸಾಧ್ಯವಿತ್ತೇ ಎಂದು ಕೇಳಿಕೊಂಡರೆ ನಮ್ಮ ಸ್ತುತಿಯ ಸ್ವರ ಸ್ವಲ್ಪ ತಗ್ಗುತ್ತದೆ. ಯಂತ್ರದ ದೋಣಿ ಬಂದಿತು, ನೈಲಾನ್ ಬಲೆ ಬಂದಿತು, ಕಡಲಿನ ತಳವನ್ನೇ ಬಳಿದು ತರುವ ಟ್ರಾಲ್ ಬಂದಿತು. ಬಂದೊಡನೆಯೇ ಹಳೆಯ ಸಂಯಮವು ಕರಗಿತು. ಆಮೇಲೆ 1986ರ ಕಾಯಿದೆ ಬೇಕಾಯಿತು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ನಾವು ಪೂರ್ವಜರ ಸದ್ಗುಣವೆಂದು ಕೊಂಡಾಡಿದುದರಲ್ಲಿ ಎಷ್ಟು ಪಾಲು ಅವರ ಉಪಕರಣಗಳ ದೌರ್ಬಲ್ಯವಾಗಿತ್ತೋ! ಶಕ್ತಿಯಿಲ್ಲದವನ ಸಂಯಮವನ್ನು ಸಂಯಮವೆನ್ನಲು ನನ್ನ ಮನಸ್ಸು ಹಿಂಜರಿಯುತ್ತದೆ.

ಎಲ್ಲವೂ ಹಾಗಲ್ಲವೆಂಬುದಕ್ಕೂ ಸಾಕ್ಷಿಯಿದೆ, ಅದೂ ಬಹುದೂರದಲ್ಲಲ್ಲ. ಹಾನಗಲ್ಲು ಹಿರೇಕೆರೂರುಗಳ ಗಡಿಗೆ ತಾಗಿದ ಸೊರಬ, ಅದರಾಚೆಯ ಸಾಗರದ ಕಡೆಗಳಲ್ಲಿ ಬೇಸಗೆಯಲ್ಲಿ ಕೆರೆ ಬತ್ತುತ್ತಿರುವಾಗ ಕೆರೆಬೇಟೆ ನಡೆಯುತ್ತದೆ. ಊರಿನವರು ಕೂಡಿ ದಿನ ಗೊತ್ತುಮಾಡುತ್ತಾರೆ, ದೇವರಿಗೆ ಪೂಜೆಯಾಗುತ್ತದೆ, ಕೂಣಿಯೆಂಬ ಬಿದಿರಿನ ಬುಟ್ಟಿಗಳನ್ನು ಹಿಡಿದು ನೂರಾರು ಜನ ಏರಿಯ ಮೇಲೆ ಸಾಲುಗಟ್ಟಿ ನಿಲ್ಲುತ್ತಾರೆ, ಸಂಜ್ಞೆಯಾದೊಡನೆ ಒಟ್ಟಿಗೆ ನೀರಿಗಿಳಿಯುತ್ತಾರೆ. ಅಲ್ಲಿ ತೂಕದ ಮಿತಿಯಿಲ್ಲ. ಒಂದೇ ದಿನ, ಗೊತ್ತಾದ ಹೊತ್ತು, ಕೈಯಲ್ಲಿ ಕೂಣಿ ಮಾತ್ರ: ಇಷ್ಟರೊಳಗೆ ಸಿಕ್ಕಿದ್ದು ನಿನ್ನದು. ಎಣಿಸಲಾರದ್ದನ್ನು ಎಣಿಸಹೋಗದೆ, ಕಾಲವನ್ನೂ ಕೈಯನ್ನೂ ಅಳೆದುಕೊಟ್ಟ ಈ ವಿವೇಕವು ಆನೆಕೆರೆಯ ಮುದುಕನ ಪ್ರಶ್ನೆಗೆ ಒಂದು ಉತ್ತರವೆಂದೇ ನನಗನಿಸುತ್ತದೆ. ಬಲೆಯಿರಲಿಲ್ಲವೆಂದು ಕೂಣಿ ಹಿಡಿದವರಲ್ಲ ಅವರು. ಬಲೆಯಿದ್ದೂ ಅಂದು ಅದನ್ನು ಮನೆಯಲ್ಲಿಟ್ಟು ಬಂದವರು.

ಸವಣೂರಿನ ಎಲೆಬಳ್ಳಿಯ ತೋಟಗಳಲ್ಲಿಯೂ ಇಂತಹದೇ ಒಂದು ಹತೋಟಿಯುಂಟು. ಬಲಿತ ಎಲೆಯನ್ನು ಬಳ್ಳಿಯ ಕೆಳಗಿನಿಂದ ಕೊಯ್ಯುತ್ತಾರೆ, ಕುಡಿಯನ್ನು ಮುಟ್ಟುವುದಿಲ್ಲ. ಆದರೆ ಬಳ್ಳಿ ತನ್ನದು, ನಾಳೆಯೂ ತನ್ನದೇ. ಕೆರೆಯ ಮೀನಾದರೋ ಇಲಾಖೆಯಿಂದಲೋ ಗ್ರಾಮ ಪಂಚಾಯಿತಿಯಿಂದಲೋ ಕೆಲವು ವರ್ಷಗಳ ಗುತ್ತಿಗೆಗೆ ಬಂದದ್ದು. ಗುತ್ತಿಗೆಯ ಮೊದಲ ವರ್ಷ ಬಲೆಯ ಕಣ್ಣು ದೊಡ್ಡದಾಗಿರುತ್ತದೆ, ಮರಿ ಸಿಕ್ಕರೆ ಮರಳಿ ನೀರಿಗೆ ಬೀಳುತ್ತದೆ. ಕೊನೆಯ ವರ್ಷ ಬಂದಂತೆ ಕಣ್ಣು ಕಿರಿದಾಗುತ್ತ ಹೋಗುತ್ತದೆ. ಮುಂದಿನ ಹರಾಜಿನಲ್ಲಿ ಯಾರಿಗೋ ಹೋಗುವ ಮರಿಯನ್ನು ನಾನೇಕೆ ಸಾಕಲಿ ಎಂಬುದು ಗುತ್ತಿಗೆದಾರನ ತರ್ಕ. ಆ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಜಗತ್ತೆಲ್ಲವೂ ಈಶನಿಂದ ವ್ಯಾಪ್ತವಾದುದು, ಇನ್ನೊಬ್ಬರ ಧನಕ್ಕೆ ಆಸೆಪಡಬೇಡವೆಂದು ಉಪದೇಶಿಸಿದ ಋಷಿಯು ನಮ್ಮೆಲ್ಲರನ್ನೂ ಗುತ್ತಿಗೆದಾರರೆಂದೇ ಎಣಿಸಿದ್ದನಲ್ಲವೆ? ಅವಧಿಯು ಎಷ್ಟೆಂಬುದು ಮಾತ್ರ ನಮ್ಮ ಕಾಗದದಲ್ಲಿ ಬರೆದಿಲ್ಲ. ಬರೆದಿದ್ದರೆ ಕೊನೆಯ ವರ್ಷದಲ್ಲಿ ನಾವೆಲ್ಲ ಎಂತಹ ಬಲೆ ಹಿಡಿಯುತ್ತಿದ್ದೆವೋ ಹೇಳಲಾರೆ.

ದೇವರ ಮೇಲಿನ ವಿಶ್ವಾಸವು ಈ ರೋಗಕ್ಕೆ ಔಷಧವೇ? ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು, ಬಂಡೆಯೊಳಗಿನ ಕಪ್ಪೆಗೂ ಉಣಿಸುವವನಿರುವಾಗ ಮನಸ್ಸೇ ನೀನೇಕೆ ಕಳವಳಗೊಳ್ಳುವೆಯೆಂಬ ಭಾವವನ್ನು ಹಾಡಿ ಹೋದರು. ಆ ವಿಶ್ವಾಸವು ಸಾಧುವಿನ ಎದೆಯಲ್ಲಿ ನೆಲಸಿದಾಗ ಕೈ ತಾನಾಗಿ ಸಡಿಲುತ್ತದೆ: ನಾಳೆಯದನ್ನು ನಾಳೆ ಕೊಡುವವನಿದ್ದಾನೆ, ಇಂದೇ ಬಾಚುವುದೇಕೆ? ಆದರೆ ಅದೇ ವಿಶ್ವಾಸವು ಆಸೆಬುರುಕನ ಬಾಯಲ್ಲಿ ತಿರುವುಮುರುವಾಗುವುದನ್ನೂ ಕಂಡಿದ್ದೇನೆ: ಎಷ್ಟು ಹಿಡಿದರೇನು, ಗಂಗಮ್ಮ ಮತ್ತೆ ಕೊಡುತ್ತಾಳೆ! ಒಂದೇ ಶ್ರದ್ಧೆ ಒಬ್ಬನಿಗೆ ಲಂಗರು, ಇನ್ನೊಬ್ಬನಿಗೆ ಹಾಯಿಯಾದರೆ ಮಿತಿಯ ಮೂಲವನ್ನು ಬರಿಯ ಶ್ರದ್ಧೆಯಲ್ಲಿ ಹುಡುಕಿ ಫಲವಿಲ್ಲ.

ನನಗೆ ಮಿತಿಯ ಮೂಲವು ಕಂಡದ್ದು ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿ. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಾಗಿ ತಂದನು. ಕದ್ದದ್ದಲ್ಲ, ಕಸಿದದ್ದಲ್ಲ, ಯಾರೂ ತಡೆದಿರಲಿಲ್ಲ. ನೆಲದ ಮೇಲೆ ಬಿದ್ದಿದ್ದುದು. ಹೆಂಡತಿಯು ನೋಡಿದಳು, ಇದು ನಮ್ಮ ಪಾಲಿಗೆ ಮೀರಿದುದೆಂದಳು, ತಂದಲ್ಲಿಯೇ ಸುರಿದು ಬರಬೇಕೆಂದು ಕಳುಹಿಸಿದಳು. ಈ ಕಥೆಯನ್ನು ಅಪರಿಗ್ರಹದ ದೃಷ್ಟಾಂತವೆಂದು ಎಲ್ಲರೂ ಹೇಳುತ್ತಾರೆ. ನನ್ನ ಗಮನ ಹೋದುದು ಬೇರೆಡೆಗೆ. ಮಾರಯ್ಯನೂ ಶರಣನೇ, ವಚನಕಾರನೇ. ಆದರೂ ಅಂದು ಎಷ್ಟೆಂಬುದು ಅವನಿಗೆ ಹೊಳೆಯಲಿಲ್ಲ. ಬಗ್ಗಿ ಆಯುವವನ ಕಣ್ಣು ಮುಂದಿನ ಕಾಳಿನ ಮೇಲಿರುತ್ತದೆ. ಉಡಿಯ ತೂಕ ಕಾಣುವುದು ಬಾಗಿಲಲ್ಲಿ ನಿಂತವಳಿಗೆ. ಹಿಡಿಯುವ ಕೈ ತನಗೆ ತಾನೇ ಮಿತಿಯನ್ನು ಹೇಳಿಕೊಳ್ಳಲಾರದು. ಅದು ಇನ್ನೊಂದು ಬಾಯಿಂದ, ಹಿಡಿಯದೆ ನಿಂತವರ ಬಾಯಿಂದ ಬರಬೇಕು, ಅದೂ ಆ ಮನೆಯವರದೇ ಬಾಯಾಗಿರಬೇಕು. ಕೆರೆಬೇಟೆಯಲ್ಲಿ ಅದು ಏರಿಯ ಮೇಲೆ ನಿಂತ ಹಿರಿಯರ ಬಾಯಿ. ಬೇರಿಂಗ್ ಸಮುದ್ರದಲ್ಲಿ ಅದು ಲೆಕ್ಕ ಬರೆಯುವವನ ಲೇಖನಿ. ಅವನನ್ನು ಗುಮಾಸ್ತನೆಂದು ಜರೆದುದಕ್ಕಾಗಿ ನಾನು ಸ್ವಲ್ಪ ನಾಚಿದ್ದೇನೆ. ನ್ಯೂಫೌಂಡ್ಲೆಂಡಿನಲ್ಲಿ ಬಾಗಿಲಲ್ಲಿ ನಿಂತವರೂ ಬಲೆಯ ತುಂಬನ್ನೇ ನೋಡಿ ಲೆಕ್ಕ ಹಾಕಿದರು. ಲಕ್ಕಮ್ಮನ ಕಣ್ಣಿನಿಂದ ನೋಡುವವರಿದ್ದರೂ ಅವರ ಮಾತು ಹಡಗಿನವರೆಗೆ ಮುಟ್ಟಲಿಲ್ಲ.

ಕನ್ನಡದಲ್ಲಿ ಸಾಕು ಎಂಬ ಮಾತಿಗೆ ಎರಡರ್ಥ. ವೈಯಾಕರಣರು ಒಂದನ್ನು ಹಳಗನ್ನಡದ ಸಾಲ್ ಧಾತುವಿಗೆ ಸೇರಿಸಿ, ಇನ್ನೊಂದನ್ನು ಬೇರೆಯೇ ಮೂಲಕ್ಕೆ ಸೇರಿಸಿಯಾರು; ಅವರೊಡನೆ ನನಗೆ ಜಗಳವಿಲ್ಲ. ಆದರೆ ಸಾಲುವಷ್ಟು ಆಯಿತೆಂಬುದನ್ನೂ ಪೊರೆದು ಬೆಳೆಸು ಎಂಬುದನ್ನೂ ನಾಲಗೆಯು ಒಂದೇ ಉಚ್ಚಾರದಲ್ಲಿ ಆಡುತ್ತದೆಂಬುದನ್ನು ಮೀನಿನ ಎದುರು ನಿಂತಾಗ ಮರೆಯುವುದು ಕಷ್ಟ. ಶತಪಥ ಬ್ರಾಹ್ಮಣದಲ್ಲಿ ಮನುವಿನ ಬೊಗಸೆಯ ನೀರಿಗೆ ಪುಟ್ಟ ಮೀನೊಂದು ಬಂದು, ನನ್ನನ್ನು ಸಾಕು, ಚಿಕ್ಕವರಾಗಿರುವಷ್ಟು ಕಾಲ ದೊಡ್ಡ ಮೀನುಗಳು ನಮ್ಮನ್ನು ನುಂಗುತ್ತವೆ ಎಂದು ಬೇಡಿಕೊಳ್ಳುತ್ತದೆ. ಮನುವು ಅದನ್ನು ಮೊದಲು ಕುಂಭದಲ್ಲಿ, ಬೆಳೆದಂತೆ ಹೊಂಡದಲ್ಲಿ, ಕೊನೆಗೆ ಸಮುದ್ರದಲ್ಲಿ ಬಿಟ್ಟು ಕಾಪಾಡುತ್ತಾನೆ. ಪ್ರಳಯದ ದಿನ ಅವನ ನಾವೆಯನ್ನು ಎಳೆದೊಯ್ದದ್ದು ಅದೇ ಮೀನು. ಬಲೆಯ ಕಣ್ಣಿನ ಅಳತೆಯ ಬಗೆಗೆ ಮೀನು ಮನುಷ್ಯನಿಗೆ ಸಲ್ಲಿಸಿದ ಮೊದಲ ಅರ್ಜಿಯಿದೆಂದು ನಾನು ಗೆಳೆಯರಲ್ಲಿ ವಿನೋದಕ್ಕೆ ಹೇಳುವುದುಂಟು.

ಹೋದ ಮಳೆಗಾಲದ ಮೊದಲ ನೆರೆಯಲ್ಲಿ ವರದೆಯ ಕಡೆಯ ಒಂದು ಹಳ್ಳಿಯ ಕೆರೆ ಕೋಡಿ ಬಿದ್ದಿತ್ತು. ಹಳ್ಳದ ಕೆನ್ನೀರಿಗೆ ಎದುರಾಗಿ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಮೇಲಕ್ಕೆ ಹತ್ತುತ್ತಿದ್ದುವು. ಮಲೆನಾಡಿನ ಕಡೆಯಲ್ಲಿ ಇವನ್ನು ಹತ್ತುಮೀನೆಂದೇ ಕರೆಯುತ್ತಾರೆ. ಹುಡುಗರು ಕೋಡಿಯ ಬಾಯಿಗೆ ಸೊಳ್ಳೆಪರದೆಯನ್ನು ಅಡ್ಡ ಹಿಡಿದು, ನೆಗೆನೆಗೆದು ಬೀಳುವ ಮೀನುಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಅವರ ಸಂತೋಷಕ್ಕೆ ಮೇರೆಯಿರಲಿಲ್ಲ. ಏರಿಯ ಮೇಲೆ ನಾನೊಬ್ಬನೇ ನಿಂತಿದ್ದೆ. ಮಾತು ನಾಲಗೆಯ ತುದಿಯವರೆಗೆ ಬಂದಿತು. ಆದರೆ ನಾನು ಆ ಊರಿನವನಲ್ಲ, ಮೀನು ತಿನ್ನುವವನೂ ಅಲ್ಲ, ಅವರ ಮನೆಯ ಬಾಗಿಲಲ್ಲಿ ನಿಂತವನಲ್ಲ. ಹುಡುಗನೊಬ್ಬನು ತಲೆಯೆತ್ತಿ, "ಬೇಕೇನ್ರಿ ನಿಮಗ?" ಎಂದು ಕೇಳಿದನು. ಬೇಡವೆಂದು ಕೈಯಾಡಿಸಿ, ಕೊಡೆ ಬಿಚ್ಚಿಕೊಂಡು, ಹಾನಗಲ್ಲಿನ ಬಸ್ಸಿಗೆ ಹೊತ್ತಾಯಿತೆಂದು ನಡೆದೆನು.