ನೆಲ ಊರಿನದು, ಮನೆ ನಮ್ಮದು

1957ರ ಸೆಪ್ಟೆಂಬರಿನಲ್ಲಿ ಮೈಸೂರು ಬಳಿಯ ಇಲವಾಲದಲ್ಲಿ ಗ್ರಾಮದಾನದ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಆ ಚಳವಳಿಯ ಮುಂದಾಳು ವಿನೋಬಾ ಭಾವೆ ಅವರ ಮಾತು ಕೇಳಲು ನೆಹರೂ ಬಂದರು, ಕಮ್ಯುನಿಸ್ಟರ ಪೈಕಿ ಇ.ಎಂ.ಎಸ್. ನಂಬೂದಿರಿಪಾಡ್ ಬಂದರು. ಹೊಲವನ್ನು ಉಳುವವನೇ ಉಳಲಿ, ನೆಲದ ಒಡೆತನ ಮಾತ್ರ ಇಡೀ ಊರಿನದಾಗಿರಲಿ ಎಂಬುದು ಗ್ರಾಮದಾನದ ತಿರುಳು. ನಮ್ಮಲ್ಲಿ ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು. ಕೊಡುವವರ ಮನಸ್ಸು ಕರಗಿದ್ದು ನಿಜ. ಆದರೆ ಕರಗಿದ ಮನಸ್ಸನ್ನು ಮಗ, ಮೊಮ್ಮಗನ ಕಾಲಕ್ಕೂ ಕಟ್ಟಿಹಾಕುವ ಕರಾರು ಗಟ್ಟಿಯಾಗಿರಲಿಲ್ಲ.

ಅದೇ ವಿಚಾರ ಕಡಲಾಚೆ ಹೋಗಿ ಅಂಥ ಕರಾರನ್ನು ಪಡೆದುಕೊಂಡಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದ ತಪ್ಪಿಗೆ ಕಪ್ಪು ಜನರನ್ನು ಉಳುಮೆಯ ನೆಲದಿಂದ ಒಕ್ಕಲೆಬ್ಬಿಸುತ್ತಿದ್ದ ಕಾಲ ಅದು. ನೆಲ ಪರರದಾಗಿದ್ದರೆ ನಾಲಗೆಯೂ ಪರರದೇ ಎಂದು ಅರಿತ ಹೋರಾಟಗಾರರು ಜಾರ್ಜಿಯಾದಲ್ಲಿ 1969ರಲ್ಲಿ ನ್ಯೂ ಕಮ್ಯುನಿಟೀಸ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ಚಾರ್ಲ್ಸ್ ಶೆರಾಡ್ ಅದರ ಮುಂದಾಳು. ಜೊತೆಗಿದ್ದ ಬಾಬ್ ಸ್ವಾನ್ ಅವರಿಗೆ ಗ್ರಾಮದಾನವೇ ಒಂದು ಪ್ರೇರಣೆ. ಸುಮಾರು 5,700 ಎಕರೆ ಕೊಂಡರು. ಬರ ಬಿದ್ದಾಗ ಸರ್ಕಾರದ ತುರ್ತು ಸಾಲ ಸಕಾಲಕ್ಕೆ ಕೈಸೇರಲಿಲ್ಲ, 1985ರಲ್ಲಿ ನೆಲ ಕೈಬಿಟ್ಟಿತು. ಸಾಲ ಕೊಡುವುದರಲ್ಲಿ ತಾರತಮ್ಯ ನಡೆದದ್ದು ಹೌದೆಂದು 2009ರಲ್ಲಿ ಸುಮಾರು 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಕಾಲು ಶತಮಾನ ತಡವಾಗಿ ಬಂದ ನ್ಯಾಯವನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಸಮುದಾಯ ಭೂ ಟ್ರಸ್ಟ್ ಎಂಬ ಮಾದರಿ ಅಲ್ಲಿಂದ ಹುಟ್ಟಿ ಉಳಿಯಿತು.

ಅದು ನಡೆಯುವ ಬಗೆಯನ್ನು ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ನೋಡಬೇಕು. ಬರ್ನಿ ಸ್ಯಾಂಡರ್ಸ್ ಮೇಯರ್ ಆಗಿದ್ದ 1984ರಲ್ಲಿ ನಗರಾಡಳಿತ ಎರಡು ಲಕ್ಷ ಡಾಲರ್ ಕೊಟ್ಟು ಅಲ್ಲಿ ಒಂದು ಟ್ರಸ್ಟನ್ನು ನಿಲ್ಲಿಸಿತು. ಈಗ ಅದರ ಹೆಸರು ಚಾಂಪ್ಲೇನ್ ಹೌಸಿಂಗ್ ಟ್ರಸ್ಟ್. ಇಂಥ ಟ್ರಸ್ಟಿನಲ್ಲಿ ಜಾಗ ಟ್ರಸ್ಟಿನದು, ಮನೆ ಕೊಂಡವರದು. ಜಾಗಕ್ಕೆ ದೀರ್ಘಾವಧಿಯ ಗುತ್ತಿಗೆಪತ್ರ, ಸಾಮಾನ್ಯವಾಗಿ 99 ವರ್ಷದ್ದು. ಮನೆ ಮಕ್ಕಳಿಗೆ ಹೋಗುತ್ತದೆ, ಎಬ್ಬಿಸುವವರಿಲ್ಲ. ನೆಲದ ಬೆಲೆ ತೆರಬೇಕಿಲ್ಲದ್ದರಿಂದ ಬ್ಯಾಂಕ್ ಸಾಲದ ಕಂತು ಸಂಬಳದ ಅಳವಿಗೆ ಬರುತ್ತದೆ. ಮಾರಬೇಕಾದಾಗಲೇ ಕರಾರಿನ ಪರೀಕ್ಷೆ. ಮನೆಯ ಬೆಲೆ ನಲವತ್ತು ಸಾವಿರ ಡಾಲರ್ ಏರಿದೆ ಎನ್ನಿ. ಮಾರುವವರಿಗೆ ಅವರು ಹಾಕಿದ ಮುಂಗಡ, ತೀರಿಸಿದ ಅಸಲು ವಾಪಸ್ಸು. ಏರಿಕೆಯಲ್ಲಿ ನಾಲ್ಕರಲ್ಲೊಂದು ಪಾಲು, ಎಂದರೆ ಹತ್ತು ಸಾವಿರ ಡಾಲರ್, ಅವರದು. ಮಿಕ್ಕ ಮೂವತ್ತು ಸಾವಿರ ಯಾರ ಜೇಬಿಗೂ ಹೋಗದೆ ಆ ಮನೆಯಲ್ಲೇ ನಿಲ್ಲುತ್ತದೆ. ಮುಂದೆ ಬರುವ ಇನ್ನೊಬ್ಬ ನರ್ಸೋ ಬಸ್ ಚಾಲಕನೋ ಅಷ್ಟು ಕಡಿಮೆಗೆ ಅದನ್ನು ಕೊಳ್ಳುತ್ತಾನೆ. ಸಾರ್ವಜನಿಕರ ಹಣ ಒಂದು ಸಲ ಹಾಕಿದ್ದು, ಹಲವು ಸಂಸಾರಗಳಿಗೆ ಒದಗುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಉಳ್ಳವರು ಸೈಟಿನ ಬೆಲೆಯೇರಿಕೆಯನ್ನು ಪೂರ್ತಿ ಉಣ್ಣುವಾಗ ಬಡವರೊಬ್ಬರೇ ಏಕೆ ಕಾಲು ಪಾಲಿಗೆ ತೃಪ್ತರಾಗಬೇಕು? 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೇ ಕಪ್ಪು ಜನರ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದು, ಸಾಲಕ್ಕೆ ಅಪಾಯಕಾರಿ ಎಂದು ಗುರುತಿಸಿತ್ತು. ಅಂಥವರ ಮೊಮ್ಮಕ್ಕಳಿಗೆ ಮಿತಿಯ ಪಾಠ ಹೇಳುವುದು ಕಟುವಾಗಿ ಕೇಳಿಸುತ್ತದೆ. ಆದರೂ ಅವರ ಎದುರಿಗಿರುವ ಆಯ್ಕೆ ಪೂರ್ತಿ ಲಾಭಕ್ಕೂ ಕಾಲು ಲಾಭಕ್ಕೂ ನಡುವಿನದಲ್ಲ. ಕಾಲು ಲಾಭಕ್ಕೂ ಜೀವನಪೂರ್ತಿ ಬಾಡಿಗೆಗೂ ನಡುವಿನದು. ಬಾಡಿಗೆಯಲ್ಲಿ ಅಸಲೂ ಇಲ್ಲ, ಪಾಲೂ ಇಲ್ಲ. ಇನ್ನು ಜಾಗದ ಬೆಲೆ ಏರುವುದು ಒಡೆಯನ ಬೆವರಿನಿಂದಲ್ಲ. ಸುತ್ತ ರಸ್ತೆ, ಶಾಲೆ, ನೀರು ಬಂದದ್ದರಿಂದ. ಹಾಗಾಗಿ ಮಿತಿ ಸರಿ, ಅದು ಬಡವರಿಗೆ ಮಾತ್ರ ಇರುವುದು ತಪ್ಪು. ಸಿರಿವಂತರ ಭೂಮಿಯ ಲಾಭದಲ್ಲೂ ಊರಿಗೆ ಪಾಲಿರಬೇಕೆಂದು ಕೇಳುವ ಧೈರ್ಯ ನಮಗೆ ಬರಬೇಕು.

ಭೂ ಟ್ರಸ್ಟ್ ಹಾಳುಬಿದ್ದ ಕೇರಿಯನ್ನೂ ಎತ್ತಿ ನಿಲ್ಲಿಸಬಲ್ಲದು. ಕೇರಿ ಹಾಳುಬಿದ್ದರೆ ಅದು ಅಲ್ಲಿನವರ ಹಣೆಬರಹ ಎನ್ನುವವರು ಬಾಸ್ಟನ್ನಿನ ಡಡ್ಲಿ ಸ್ಟ್ರೀಟನ್ನು ನೋಡಬೇಕು. ಬ್ಯಾಂಕುಗಳು ಕೈಬಿಟ್ಟಿದ್ದವು, ಮನೆಗಳಿಗೆ ಬೆಂಕಿ ಬೀಳುತ್ತಿತ್ತು. 1980ರ ದಶಕದ ಹೊತ್ತಿಗೆ ಅಲ್ಲಿ ಸುಮಾರು 1,300 ನಿವೇಶನಗಳು ಖಾಲಿ. ರಾತ್ರಿ ಹೊತ್ತು ಹೊರಗಿನ ಲಾರಿಗಳು ಬಂದು ಕಸ, ಕಟ್ಟಡದ ಅವಶೇಷ, ಕೊಳೆತ ಮಾಂಸ ಸುರಿದು ಹೋಗುತ್ತಿದ್ದವು. 1984ರಲ್ಲಿ ಒಂದು ದತ್ತಿ ಸಂಸ್ಥೆ ಮುಂದೆ ಬಂದು, ಬಡಾವಣೆ ಎತ್ತಲು ಮಂಡಳಿಯೊಂದರ ಯೋಜನೆ ಹಾಕಿತು. ಸಭೆ ಕರೆದಾಗ ನಿವಾಸಿಗಳು ಎದ್ದು, ಈ ಮಂಡಳಿಯಲ್ಲಿ ಇಲ್ಲೇ ವಾಸಿಸುವವರು ಎಷ್ಟು ಮಂದಿ ಎಂದು ಕೇಳಿದರು. ಉತ್ತರ ಸಮಾಧಾನ ತರುವಂಥದ್ದಾಗಿರಲಿಲ್ಲ. ಆ ದತ್ತಿ ಸಂಸ್ಥೆಯ ದೊಡ್ಡತನ ಕಾಣುವುದು ಇಲ್ಲಿ: ಅದು ಮುನಿಸಿಕೊಳ್ಳಲಿಲ್ಲ, ಮಂಡಳಿಯನ್ನೇ ಹೊಸದಾಗಿ ರಚಿಸಲು ಒಪ್ಪಿತು. ಕಪ್ಪು, ಲ್ಯಾಟಿನೋ, ಕೇಪ್ ವರ್ಡ್ ಮೂಲದ ಮತ್ತು ಬಿಳಿಯ ನಿವಾಸಿಗಳಿಗೆ ಸಮಸಮ ಸ್ಥಾನ ಸಿಕ್ಕಿತು. ಜನ ಮೊದಲು ಕಸದ ಅಕ್ರಮ ಅಡ್ಡೆಗಳನ್ನು ಮುಚ್ಚಿಸಿದರು. 1988ರಲ್ಲಿ, ಖಾಲಿ ಬಿದ್ದ ಖಾಸಗಿ ಜಾಗವನ್ನು ಪರಿಹಾರ ಕೊಟ್ಟು ವಶಕ್ಕೆ ಪಡೆಯುವ ಅಧಿಕಾರವನ್ನು ನಗರದಿಂದ ಪಡೆದರು. ಸಾಮಾನ್ಯವಾಗಿ ಸರ್ಕಾರ ಬಡವರನ್ನು ಎಬ್ಬಿಸಲು ಬಳಸುವ ಅಧಿಕಾರ ಅದು. ಅಲ್ಲಿ ಅದು ಬಡವರ ಕೈಯಲ್ಲಿ, ಅವರದೇ ಭೂ ಟ್ರಸ್ಟಿನ ಮೂಲಕ, ಮನೆ ಕಟ್ಟಲು ಬಳಕೆಯಾಯಿತು.